ಗುಂಡಿಗೆ ಇಳಿಬಿಟ್ಟ ದೀಪ

ಗ್ಯಾಸ್ ಒಲೆ ಹಚ್ಚುವಾಗ ನಾನು ಈಗಲೂ ಮುಖವನ್ನು ಹಿಂದಕ್ಕೆ ಎಳೆದುಕೊಂಡೇ ಲೈಟರ್ ಒತ್ತುತ್ತೇನೆ. ಹಿಂದೂಪುರದ ನಮ್ಮ ಮನೆಯಲ್ಲಿ ಇದೊಂದು ನಗೆಯ ವಿಷಯ. ಒಲೆಗೂ ನನಗೂ ಜಗಳ ಎನ್ನುತ್ತಾರೆ. ಜಗಳ ಒಲೆಯ ಜೊತೆಗಲ್ಲ, ಕಲ್ಯಾಣದುರ್ಗದ ನನ್ನ ಚಿಕ್ಕಪ್ಪನ ಜೊತೆಗೆ.

ಚಿಕ್ಕಪ್ಪ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಟಿಫಿನ್ ಹೋಟೆಲ್ ನಡೆಸುತ್ತಾನೆ. ಹೋಟೆಲಿನ ಬೆನ್ನಿಗೇ ಮನೆ. ಅದಕ್ಕೂ ಮೊದಲು ಅವನು ಬ್ರಹ್ಮಸಮುದ್ರದ ಕಡೆ ಹಳ್ಳಿಗಳಲ್ಲಿ ಬಾವಿ ತೋಡುತ್ತಿದ್ದ. ಬೋರ್‌ವೆಲ್ ಬಂದ ಮೇಲೆ ಬಾವಿ ತೋಡಿಸುವವರು ಇಲ್ಲವಾದರು, ಚಿಕ್ಕಪ್ಪ ದೋಸೆ ಹುಯ್ಯುವುದನ್ನು ಕಲಿತ. ಆದರೆ ಬಾವಿಯ ಮಾತು ಬಿಡಲಿಲ್ಲ. ಸಾಂಬಾರಿನ ಪಾತ್ರೆಯೊಳಗೆ ಬಗ್ಗಿ ನೋಡುವಾಗಲೂ ತಳದಲ್ಲಿ ಸೆಲೆ ಸಿಕ್ಕಿತೋ ಇಲ್ಲವೋ ಎಂದು ನೋಡುವವನ ಹಾಗೇ ನೋಡುತ್ತಾನೆ.

ಅವನ ಮಗಳ ಸೀಮಂತಕ್ಕೆ ಸಹಾಯ ಮಾಡಲೆಂದು ನಾನು ಒಂದು ದಿನ ಮೊದಲೇ ಬಸ್ಸು ಹತ್ತಿ ಹೋಗಿದ್ದೆ. ಮಾರನೆಯ ದಿನ ಪರಿಗಿಯಿಂದ ಬೀಗರು ಬರುವವರಿದ್ದರು. ಚಿಕ್ಕಮ್ಮ ಬೆಳಿಗ್ಗೆಯೇ ದೊಡ್ಡ ದೊಡ್ಡ ಪಾತ್ರೆಗಳನ್ನೆಲ್ಲ ತೊಳೆದು, ಆ ನೀರನ್ನು ಬಚ್ಚಲಿಗೆ ಹುಯ್ದಳು. ನೀರು ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ವಾಪಸ್ ಬಂತು. ಬರುವಾಗ ಒಂದೇ ಬರಲಿಲ್ಲ, ಹೋದ ವಾರ ಹೋದದ್ದನ್ನೂ ಜೊತೆಗೆ ಕರೆದುಕೊಂಡು ಬಂತು.

ಅತ್ತ ಹೋಟೆಲಿನಲ್ಲಿ ಕೈ ತೊಳೆಯುವ ಜಾಗವೂ ಗುಳುಗುಳು ಎನ್ನತೊಡಗಿತು. ಅರ್ಧ ದೋಸೆ ತಿಂದವರು ಎದ್ದು ಹೋದರು. ಚಿಕ್ಕಪ್ಪ ಹಲಗೆಯ ಮೇಲೆ ತೆಲುಗಿನಲ್ಲಿ ಈ ದಿನ ರಜೆ ಎಂದು ಬರೆದಿಟ್ಟ. ದಿನಾ ಬರುವ ಒಬ್ಬ ಗಿರಾಕಿ ಅದನ್ನು ಓದಿ, ಕಿಟಕಿಯಲ್ಲಿ ತಲೆ ತೂರಿಸಿ, ತನಗೆ ನೆಗಡಿಯಾಗಿದೆ, ವಾಸನೆ ಗೊತ್ತಾಗುವುದಿಲ್ಲ, ಎರಡು ಇಡ್ಲಿ ಕೊಟ್ಟರೆ ಸಾಕು ಎಂದ.

ಹಿಂದೂಪುರದಲ್ಲಿ ನಾವು ಬಾಡಿಗೆಗಿರುವುದು ಕೆಳಗಿನ ಮನೆ. ಜೋರು ಮಳೆ ಬಂದರೆ ಮೇಲಿನವರದೆಲ್ಲ ನಮ್ಮ ಬಚ್ಚಲಿನಲ್ಲಿ ಏಳುತ್ತದೆ. ಹಾಗಾಗಿ ಈ ವಿದ್ಯೆ ನನಗೆ ಬರುತ್ತದೆ. ಪ್ಲಾಸ್ಟಿಕ್ ಕವರುಗಳಿಗೆ ಮರಳು ತುಂಬಿ, ಬಾಯಿ ಕಟ್ಟಿ, ಬಚ್ಚಲಿನ ತೂತಿನ ಮೇಲೆ ಒತ್ತಿ, ಅದರ ಮೇಲೆ ರುಬ್ಬುವ ಗುಂಡು ಹೇರಿದೆ. ನಲ್ಲಿಗಳನ್ನೆಲ್ಲ ನಿಲ್ಲಿಸಿದೆ. ಅಕ್ಕಿ ಮೂಟೆಗಳನ್ನು ಮಂಚದ ಮೇಲೆ ಏರಿಸಿದೆವು. ಬಸುರಿ ತಂಗಿಯನ್ನು ಹೋಟೆಲಿನ ಗಲ್ಲಾದ ಹಿಂದೆ ಕೂರಿಸಿ, ಅಲ್ಲಿಂದ ಏಳಕೂಡದೆಂದು ಹೇಳಿದೆವು. ಅವಳು ಅಲ್ಲಿಂದಲೇ ಎಲ್ಲರಿಗೂ ಅಪ್ಪಣೆ ಕೊಡುತ್ತ ಕೂತಳು.

ಕಕ್ಕಸಿನ ಗುಂಡಿ ಬಳಿಯುವ ಟ್ಯಾಂಕರಿನವನಿಗೆ ಫೋನ್ ಮಾಡಿದರೆ, ಅವನು ಬೇರೆ ಊರಿನಲ್ಲಿದ್ದ. ಸಾಯಂತ್ರಂ ವಸ್ತಾನು, ಸಾಯಂಕಾಲ ಬರುತ್ತೇನೆ ಎಂದ. ಸಾಯಂಕಾಲ ಅಂದರೆ ಯಾವ ಸಾಯಂಕಾಲ ಎಂದು ಚಿಕ್ಕಮ್ಮ ಕೇಳಿದಳು. ಮಗಳ ಮನೆಯವರು ಮೊದಲ ಸಲ ಕಾರ್ಯಕ್ಕೆ ಬರುತ್ತಿರುವುದು, ಈ ವಾಸನೆಯಲ್ಲಿ ಅವರನ್ನು ಹೇಗೆ ಕೂರಿಸುವುದು ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಇಷ್ಟು ಬಾವಿ ತೋಡಿದವನಿಗೆ ಒಂದು ಕಕ್ಕಸಿನ ಗುಂಡಿ ಸರಿ ಮಾಡಲು ಬರುವುದಿಲ್ಲವೇ ಎಂದಳು. ಅವಳು ಬೈಗುಳದ ವೇಗದಲ್ಲಿ ಆಡಿದ ಮಾತು ಅದು. ಚಿಕ್ಕಪ್ಪ ಅದನ್ನು ಕೆಲಸ ವಹಿಸಿದ ಹಾಗೆ ತೆಗೆದುಕೊಂಡ.

ಹಿತ್ತಲಿನಲ್ಲಿ ಗುಂಡಿಯ ಚಪ್ಪಡಿಯನ್ನು ಸರಿಸಿದ. ಪೈಪಿನ ಬಾಯಿ ಗುಂಡಿಯೊಳಗೇ ಕಟ್ಟಿಕೊಂಡಿದೆ, ಇಳಿದು ಒಂದು ಸಲ ಕೋಲಿನಲ್ಲಿ ತಿವಿದರೆ ಮುಗಿಯಿತು ಎಂದ. ನಾನು ಕೆಮಿಸ್ಟ್ರಿ ಓದಿದವಳು. ಬೇಡ ಚಿಕ್ಕಪ್ಪ, ಒಳಗೆ ಗ್ಯಾಸ್ ಇರುತ್ತದೆ ಎಂದೆ. ಅವನು ನನ್ನನ್ನು ಪ್ರೀತಿಯಿಂದ ನೋಡಿದ.

"ಅದು ನಂಗೊತ್ತಿಲ್ವೇನಮ್ಮ? ಅದಕ್ಕೇ ಮೊದ್ಲು ದೀಪ ಬಿಡ್ತೀನಿ."

ಬಾವಿಯವರ ಕ್ರಮ ಅದು. ಹಳೆಯ ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಕೆಟ್ಟ ಗಾಳಿ, ಇಳಿಯಬಾರದು. ಉರಿಯುತ್ತಿದ್ದರೆ ಇಳಿಯಬಹುದು. ಅವನಪ್ಪ ಹಾಗೆ ಮಾಡಿದವರು, ಅವನೂ ಹಾಗೇ ಮಾಡಿ ಬದುಕಿದವನು. ಅಂದರೆ ಚಿಕ್ಕಪ್ಪ ಹುಂಬನಲ್ಲ. ಅವನಿಗೆ ಗೊತ್ತಿದ್ದ ಎಲ್ಲ ಎಚ್ಚರಿಕೆಯನ್ನೂ ತೆಗೆದುಕೊಳ್ಳುತ್ತಿದ್ದ. ನನಗೆ ಭಯವಾದದ್ದು ಅದಕ್ಕೇ. ಬಾವಿಯ ಗಾಳಿ ದೀಪ ಆರಿಸುತ್ತೆ ಚಿಕ್ಕಪ್ಪ, ಇಲ್ಲಿನ ಗಾಳಿ ತಾನೇ ಹತ್ತಿಕೊಳ್ಳುತ್ತೆ, ಗೋಬರ್ ಗ್ಯಾಸ್ ಇದ್ದ ಹಾಗೆ ಎಂದು ನಾನು ಹೇಳುತ್ತಲೇ ಇದ್ದೆ. ಅವನು ದೀಪದ ಡಬ್ಬಿಗೆ ತಂತಿ ಕಟ್ಟುತ್ತಲೇ ಇದ್ದ. ಗೋಬರ್ ಗ್ಯಾಸಿಗೆ ಸಗಣಿ ಬೇಕು, ಇಲ್ಲೆಲ್ಲಿದೆ ಸಗಣಿ ಎಂದ. ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳುವಷ್ಟರಲ್ಲಿ ದೀಪ ಇಳಿದಿತ್ತು.

ಬುಸ್ ಎಂದಿತು. ಅಷ್ಟೇ ಸದ್ದು. ನೀಲಿಯ ಉರಿಯೊಂದು ಗುಂಡಿಯ ಬಾಯಿಂದ ಎದ್ದು, ಚಿಕ್ಕಪ್ಪನ ಮುಖ ಸವರಿ, ಮಾಯವಾಯಿತು. ಅವನು ಹಿಂದಕ್ಕೆ ಬಿದ್ದು ಕೂತ. ಹುಬ್ಬುಗಳಿರಲಿಲ್ಲ. ಮೀಸೆಯಲ್ಲಿ ಅರ್ಧ ಇತ್ತು. ಸುಟ್ಟ ಕೂದಲಿನ ವಾಸನೆ ಬಂದಾಗ, ಬೆಳಗಿನಿಂದ ಮೊದಲ ಸಲ ಬೇರೆ ಯಾವುದೋ ವಾಸನೆ ಬಂತಲ್ಲ ಎಂದು ನನಗೆ ಅನಿಸಿತು. ಗಾಬರಿಯಲ್ಲಿ ಮನುಷ್ಯರಿಗೆ ಎಂಥೆಂಥದೋ ಅನಿಸುತ್ತದೆ.

ಮುಖಕ್ಕೆ ನೀರೆರಚಿ ನೋಡಿದೆವು. ಚರ್ಮ ಕೆಂಪಾಗಿತ್ತು, ಕಣ್ಣುಗಳು ಚೆನ್ನಾಗಿದ್ದವು. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಗುತ್ತಲೇ ಹೇಳುತ್ತಿದ್ದೆ. ಆದರೆ ಚಿಕ್ಕಪ್ಪ ಮುಖ ಒರೆಸಿಕೊಂಡು, ಎದ್ದು, ಗುಂಡಿಯೊಳಕ್ಕೆ ಇಣುಕಿದ.

"ಕೆಟ್ ಗಾಳಿಯೆಲ್ಲ ಉರ್ದೋಯ್ತು ಕಣಮ್ಮ. ಇನ್ನೇನೈತೆ? ಈಗ ಇಳೀತೀನಿ, ಹಿಡ್ಕ."

ಹಗ್ಗದ ಒಂದು ತುದಿ ತನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟ. ನಂಬಿದವರ ಕೈಗೇ ಹಗ್ಗ ಕೊಡುವುದೂ ಬಾವಿಯವರ ಕ್ರಮವೇ.

ನನ್ನ ತಲೆಯಲ್ಲಿ ಇವತ್ತಿಗೂ ತಿರುಗುವುದು ಆ ಉರಿಯಲ್ಲ, ಈ ಹಗ್ಗ. ಉರಿದ ಮೇಲೆ ಒಳಗೆ ಉಸಿರಾಡುವ ಗಾಳಿಯೂ ಉಳಿದಿರುವುದಿಲ್ಲ, ಕೆಳಗಿನ ಕೆಸರು ಕಲಕಿದರೆ ಇನ್ನೊಂದು ವಿಷ ಏಳುತ್ತದೆ. ಒಂದೆರಡು ಉಸಿರು ಸಾಕು. ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಹೋದವರೂ ಬೀಳುತ್ತಾರೆ. ಅವನು ಬಿದ್ದಿದ್ದರೆ ನಾನು ಮೇಲೆ ನಿಂತಿರುತ್ತಿದ್ದೆನೇ, ಇಳಿಯುತ್ತಿದ್ದೆನೇ? ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅದು ತಿರುಗುತ್ತಿರುತ್ತದೆ. ಅವತ್ತು ಮಾಡಿದ್ದಿಷ್ಟು: ಹಗ್ಗವನ್ನು ಹಿತ್ತಲಿನ ಬೇವಿನ ಮರಕ್ಕೆ ಗಿಡ್ಡಕ್ಕೆ ಸುತ್ತಿ, ಅದನ್ನು ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಚಿಕ್ಕಪ್ಪ ಗುಂಡಿಯ ಕಡೆ ಎಳೆದ, ನಾನು ಮರದ ಕಡೆ ಎಳೆದೆ. ಕರು ಕಟ್ಟಿದ ಹಾಗಾಯಿತು.

ಚಿಕ್ಕಮ್ಮ ಇಷ್ಟು ಹೊತ್ತು ಗಂಡನ ಅರ್ಧ ಮೀಸೆಯನ್ನೇ ನೋಡುತ್ತ ನಿಂತಿದ್ದಳು. ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದು, ಸ್ಪೀಕರಿಗೆ ಹಾಕಿ, ಪರಿಗಿಯ ಬೀಗಿತ್ತಿಗೆ ಫೋನ್ ಮಾಡಿದಳು. ಯಾವ ವಿಷಯ ಅವರಿಗೆ ಗೊತ್ತಾಗಬಾರದೆಂದು ಬೆಳಗಿನಿಂದ ಒದ್ದಾಡಿದ್ದಳೋ ಅದನ್ನೇ ಮೊದಲ ಮಾತಿಗೆ ಹೇಳಿದಳು. ನಮ್ಮ ಮನೆಯ ಕಕ್ಕಸು ಉಕ್ಕಿ ಬಂದಿದೆ, ಮನೆ ತುಂಬಾ ವಾಸನೆ, ನಾಳೆ ಕಾರ್ಯ ಬೇಕಾದರೆ ಮುಂದಕ್ಕೆ ಹಾಕೋಣ ಎಂದಳು.

ಆ ಕಡೆಯಿಂದ ಬೀಗಿತ್ತಿ, "ಮನೆ ಹಾಳಾಗೋಗ್ಲಿ ಬಿಡು ಕಣಮ್ಮ, ಮನೇರೆಲ್ಲ ನೆಟ್ಟಗವ್ರಾ?" ಎಂದರು.

ಚಿಕ್ಕಮ್ಮ ಗಂಡನ ಕಡೆ ನೋಡಿದಳು. "ಅವ್ರೆ ಕಣಕ್ಕ. ಅರ್ಧ ಮೀಸೆ ಒಂದಿಲ್ಲ."

ಬೀಗಿತ್ತಿ ನಗತೊಡಗಿದರು. ಅವರ ಮನೆಯಲ್ಲೂ ಹಬ್ಬದ ದಿನವೇ ಹೀಗಾಗಿತ್ತಂತೆ, ಅವರೂ ಯಾರಿಗೂ ಹೇಳಿರಲಿಲ್ಲವಂತೆ. ಹೆಂಗಸರಿಬ್ಬರೂ ಕಕ್ಕಸಿನ ವಿಷಯ ಎಷ್ಟು ಹೊತ್ತು ಮಾತಾಡಿದರೆಂದರೆ, ಗುಂಡಿಯ ಅಂಚಿನಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತವನಿಗೆ ಇನ್ನು ಇಳಿಯಲು ಕಾರಣವೇ ಉಳಿಯಲಿಲ್ಲ. ಅವಸರ ಮಾಡಿಸಿದ ಮರ್ಯಾದೆ ಆಗಲೇ ಪರಿಗಿ ತಲುಪಿ ನಗುತ್ತಿತ್ತು. ಚಿಕ್ಕಪ್ಪ ಹಗ್ಗ ಬಿಚ್ಚಿದ.

ಸಾಯಂಕಾಲ ಟ್ಯಾಂಕರ್ ಬಂತು, ಅದೇ ದಿನದ ಸಾಯಂಕಾಲ. ಗುಂಡಿ ಅರ್ಧವೂ ತುಂಬಿರಲಿಲ್ಲ. ಕಟ್ಟಿಕೊಂಡಿದ್ದು ಅಡಿಗೆಮನೆಯ ಹೊರಗಿನ ಸಣ್ಣ ತೊಟ್ಟಿಯ ಹತ್ತಿರ, ಪೈಪಿನಲ್ಲಿ. ಉದ್ದನೆಯ ರಾಡು ತೂರಿಸಿ ಎಳೆದರೆ ಮುದ್ದೆಯಷ್ಟು ಗಟ್ಟಿಯಾದದ್ದೊಂದು ಹೊರಬಂತು. ಹೋಟೆಲಿನ ಎಣ್ಣೆ ಗಟ್ಟಿಯಾಗಿ, ಚಟ್ನಿಯ ಕಡ್ಲೆಕಾಯಿ ಬೀಜದ ಕೆಂಪು ಸಿಪ್ಪೆ ಅದಕ್ಕೆ ಮೆತ್ತಿಕೊಂಡು ಆದದ್ದು. ಗುಂಡಿಗೆ ಇಳಿದಿದ್ದರೂ ಅಲ್ಲಿ ತಿವಿಯಲು ಏನೂ ಇರಲಿಲ್ಲ. ಇದು ಗೊತ್ತಾದಾಗ ನಾನು ಹೋಗಿ ತಂಗಿಯ ಪಕ್ಕದಲ್ಲಿ ಸುಮ್ಮನೆ ಕೂತೆ.

ಆಮೇಲೆ ತೊಳೆದೆವು. ನೆನೆದ ಗೋಣಿಚೀಲಗಳನ್ನು ಎಸೆದು, ಕೈಗೆ ಗ್ಲೌಸ್ ಹಾಕಿಕೊಂಡು, ಸೋಪಿನ ನೀರಿನಲ್ಲಿ ಉಜ್ಜಿ, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹರಡಿ, ಕಿಟಕಿ ಬಾಗಿಲು ತೆರೆದಿಟ್ಟೆವು. ಚಿಕ್ಕಮ್ಮ ಅದರ ಮೇಲೇ ಫಿನಾಯಿಲ್ ಹುಯ್ಯಲು ಬಂದಳು. ಎರಡನ್ನೂ ಬೆರೆಸಬೇಡ, ಇವತ್ತಿಗೆ ಒಂದು ಗ್ಯಾಸ್ ಸಾಕು ಎಂದು ಬಾಟಲಿ ಕಿತ್ತುಕೊಂಡೆ. ತೊಟ್ಟಿಗೆ ಜಾಲರಿ ಹಾಕಿಸಿದೆವು, ಎಣ್ಣೆಗೆ ಬೇರೆ ಡಬ್ಬ ಇಟ್ಟೆವು.

ಮಾರನೆಯ ದಿನ ಬೀಗರು ಬಂದರು. ಉಳಿದರ್ಧ ಮೀಸೆಯನ್ನೂ ಬೋಳಿಸಿಕೊಂಡಿದ್ದ ಚಿಕ್ಕಪ್ಪನನ್ನು ಅಡಿಗೆಯವನೆಂದು ತಿಳಿದು ಅವರ ಕಡೆಯ ಅಜ್ಜಿಯೊಬ್ಬರು ನೀರು ಕೇಳಿದರು. ಮಗಳಿಗೆ ಬಳೆ ತೊಡಿಸಿ, ಊಟವೆಲ್ಲ ಮುಗಿದ ಮೇಲೆ ಗಂಡಸರು ಹಿತ್ತಲಿನಲ್ಲಿ ಕೂತರು. ಬೀಗರೂ ಹೊಲದ ಬಾವಿಗಳಲ್ಲಿ ಇಳಿದೆದ್ದವರೇ. ಮೀಸೆ ಹೋದ ಕಥೆ ಕೇಳಿ, ದೀಪ ಬಿಟ್ಟು ನೋಡಿದ್ದು ಸರಿಯಾದ ಕೆಲಸ, ನಮ್ಮ ಕಡೆಯೂ ಹಾಗೇ ಮಾಡುತ್ತಾರೆ ಎಂದರು. ಆಮೇಲೆ ನಮ್ಮ ಮನೆಯ ಗುಂಡಿಯೂ ಈಚೆಗೆ ಸದ್ದು ಮಾಡುತ್ತಿದೆ, ಊರಿಗೆ ಹೋದ ಮೇಲೆ ಒಂದು ದೀಪ ಬಿಟ್ಟು ನೋಡಬೇಕು ಎಂದರು.

ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಬೋಳು ತುಟಿಯ ಮೇಲೆ ಒಮ್ಮೆ ಬೆರಳಾಡಿಸಿದ.

"ಬ್ಯಾಡಿ ಬೀಗ್ರೇ," ಎಂದ. "ಬಾವಿಯಲ್ಲ ಅದು. ಗಾಡಿಯೋನ್ ನಂಬರ್ ಕೊಡ್ತೀನಿ, ಬರ್ಕಳಿ. ಅವ್ನು ಬರಾಗಂಟ ಚಪ್ಪಡಿ ಮುಟ್ಬ್ಯಾಡಿ."

ಬೀಗರು ಜೇಬಿನಿಂದ ಫೋನ್ ತೆಗೆದರು. ಚಿಕ್ಕಪ್ಪ ಒಂದೊಂದೇ ಅಂಕಿ ಹೇಳಿದ, ತಪ್ಪಾಗದಿರಲಿ ಎಂದು ಅವರಿಂದ ಇನ್ನೊಂದು ಸಲ ಹೇಳಿಸಿಕೊಂಡ.