ಬಜೆಟ್ಟಿನಲ್ಲಿ ಇಲ್ಲದ ಜಿಂಕೆ

ಜಪಾನಿನ ಇಚಿಕಾವಾದ ಕನ್ನಡದ ಮನೆಗಳಲ್ಲಿ ಚಾಮುಂಡೇಶ್ವರಿ ಎಂದರೆ ದೋಸೆಹಿಟ್ಟು, ದೋಸೆಹಿಟ್ಟು ಎಂದರೆ ಚಾಮುಂಡೇಶ್ವರಿ. ಶುಕ್ರವಾರ ಸಂಜೆ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಆರು ಡಬ್ಬಿ, ಹಿಂದಿನ ಬುಟ್ಟಿಯಲ್ಲಿ ಆರು ಡಬ್ಬಿ ಇಟ್ಟುಕೊಂಡು ಹೊರಟಳೆಂದರೆ, ಶನಿವಾರ ಬೆಳಿಗ್ಗೆ ಹನ್ನೆರಡು ಮನೆಗಳ ಕಾವಲಿ ಚೊಂಯ್ ಎನ್ನಲೇಬೇಕು. ಇಂಥ ಹೆಂಗಸಿನ ಮನೆಯ ಗೋಡೆಬೀರುವಿನಲ್ಲಿ, ದೇವರ ಪಟದ ಪಕ್ಕದಲ್ಲೇ, ಒಂದು ಬಂದೂಕಿದೆ ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ. ಪೊಲೀಸ್ ಠಾಣೆಯ ಕಡತದಲ್ಲಿ ಫೋಟೋ ಸಮೇತ ಇದೆ.

ಅದು ಬಂದದ್ದು ಒಂದು ಸಾರಿನ ದೆಸೆಯಿಂದ. ಕೆಳಗಿನ ಮನೆಯ ಕುಬೋತಾ-ಸಾನ್, ಎಪ್ಪತ್ತೊಂದು ವಯಸ್ಸಿನ ನಿವೃತ್ತ ಬಸ್ ಚಾಲಕ, ಮೂರು ವರ್ಷದ ಹಿಂದೆ ಒಂದು ದಿನ, ತಾವೇ ಹೊಡೆದ ಜಿಂಕೆಯ ಮಾಂಸ ಒಂದು ತುಂಡು ತಂದುಕೊಟ್ಟರು. ಇವಳು ಅದಕ್ಕೆ ಮೆಣಸು, ಕೊಬ್ಬರಿ, ಗಸಗಸೆ ಅರೆದು ಹಾಕಿ ಹುಣಸೂರಿನ ಕಡೆಯ ಸಾರು ಮಾಡಿದಳು. ಅವರು ಕಣ್ಣಲ್ಲೂ ಮೂಗಲ್ಲೂ ನೀರು ಸುರಿಸುತ್ತ ಮೂರು ಸಲ ಬಡಿಸಿಕೊಂಡರು. ಉತ್ತರದ ಹೊಕ್ಕಾಯ್ಡೋ ದ್ವೀಪದ ಬೆಟ್ಟಗಳಲ್ಲಿ ಜಿಂಕೆ ವಿಪರೀತವಾಗಿವೆ, ಹೊಲ ಮೇಯ್ದು ಬೋಳಿಸುತ್ತಿವೆ, ಬೇಟೆಗಾರರೆಲ್ಲ ಮುದುಕರಾದರು, ಸರ್ಕಾರವೇ ಬನ್ನಿ ಬನ್ನಿ ಎಂದು ಕರೆಯುತ್ತಿದೆ ಎಂದರು. "ನಾನೂ ಬರಬಹುದಾ?" ಎಂದಳು. ಕುಬೋತಾ-ಸಾನ್ ನಕ್ಕರು. ಮರುದಿನ ಅರ್ಜಿ ಫಾರಂ ಹಿಡಿದು ಬಾಗಿಲು ತಟ್ಟಿದರು.

ಆಮೇಲೆ ಶುರುವಾಯಿತು ನೋಡಿ ರಗಳೆ. ಜಪಾನೀ ಭಾಷೆಯಲ್ಲಿ ಪರೀಕ್ಷೆ, ಗುರಿ ಪರೀಕ್ಷೆ, ತಲೆ ನೆಟ್ಟಗಿದೆ ಎಂದು ಡಾಕ್ಟರ ಸರ್ಟಿಫಿಕೇಟು. ಕೊನೆಗೆ ಪೊಲೀಸಿನವರು ಮನೆಗೇ ಬಂದು ಗಂಡ ಬಾಲಸುಬ್ರಹ್ಮಣ್ಯನನ್ನು ಕೂರಿಸಿಕೊಂಡು, ಮನೆಯಲ್ಲಿ ಜಗಳವಾಗುತ್ತದೆಯೇ ಎಂದು ಕೇಳಿದರು. ಸಾಫ್ಟ್‌ವೇರ್ ಕಂಪನಿಯಲ್ಲಿ ಇಪ್ಪತ್ತು ಜನರನ್ನು ಆಳುವ ಬಾಲು ಬೆವತುಹೋಗಿ ನಿಜ ನುಡಿದುಬಿಟ್ಟ. "ದಿನಾ ಆಗುತ್ತೆ. ಆದ್ರೆ ಅವಳು ಬಾಯಲ್ಲೇ ಗೆದ್ದುಬಿಡ್ತಾಳೆ, ಬಂದೂಕಿನ ತನಕ ಹೋಗೋದೇ ಇಲ್ಲ." ಅಧಿಕಾರಿ ಅದನ್ನೂ ಗಂಭೀರವಾಗಿ ಬರೆದುಕೊಂಡ. ಪರವಾನಗಿ ಬಂತು. ಆಯುಧಪೂಜೆಗೆ ಬಂದೂಕಿನ ಕಬ್ಬಿಣದ ಪೆಟ್ಟಿಗೆಗೆ ಅವಳು ಕುಂಕುಮವಿಟ್ಟಿದ್ದಳು. ವರ್ಷದ ತಪಾಸಣೆಗೆ ಬಂದ ಅಧಿಕಾರಿ ಆ ಕೆಂಪು ಬೊಟ್ಟನ್ನು ನೋಡಿ ಹೌಹಾರಿದ. ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದುಹೋಯಿತು.

ಇಷ್ಟಾದರೂ ಅವಳು ಒಂದೇ ಒಂದು ಜಿಂಕೆಯನ್ನೂ ಹೊಡೆದಿರಲಿಲ್ಲ. ಬರೀ ಗುರಿ ಅಭ್ಯಾಸದ ಮೈದಾನದಲ್ಲಿ ಮಣ್ಣಿನ ಬಿಲ್ಲೆ ಒಡೆದದ್ದಷ್ಟೇ. ಅಷ್ಟರಲ್ಲಿ ಬಾಲುವಿಗೆ ಮಾರ್ಚಿನಲ್ಲಿ ಮೈಸೂರಿಗೆ ವಾಪಸು ಎಂದು ಆರ್ಡರು ಬಂತು. ಹೊರಡುವ ಮುನ್ನ ಬಂದೂಕು ಒಪ್ಪಿಸಿಬಿಡಬೇಕು. ಅಂದರೆ ಉಳಿದದ್ದು ಈ ಡಿಸೆಂಬರ್ ಒಂದೇ.

"ಹೋಗ್ಬಾ. ದುಡ್ಡು ನಾನ್ ಕೊಡ್ತೀನಿ. ಗೈಡ್ ಇಟ್ಕೊಂಡು ಆರಾಮಾಗಿ ಹೋಗ್ಬಾ," ಎಂದ ಬಾಲು.

"ನಿಮ್ಮ ದುಡ್ಡು ಒಂದು ಯೆನ್ನೂ ಬೇಡ," ಎಂದಳು ಚಾಮುಂಡಿ.

ಅವನು ಕೆಟ್ಟವನಲ್ಲ, ಪಾಪ. ಆದರೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಉಟ್ಟದ್ದು, ಉಂಡದ್ದು, ಕೊನೆಗೆ ಅವನ ಹುಟ್ಟುಹಬ್ಬಕ್ಕೆ ಅವನಿಗೇ ಕೊಟ್ಟ ಉಡುಗೊರೆಯೂ ಅವನ ಕಾರ್ಡಿನಲ್ಲೇ ಬಂದಿತ್ತು. ಇದೊಂದಾದರೂ ಪೂರ್ತಿ ತನ್ನದಾಗಿರಬೇಕು ಎಂದು ಅವಳಿಗೆ ಹಟ. ಡಬ್ಬಿಗೆ ಇನ್ನೂರು ಯೆನ್ ಲಾಭದಂತೆ ಆರುನೂರೈವತ್ತು ಡಬ್ಬಿ ಹಿಟ್ಟು ರುಬ್ಬಿ, ಹದಿಮೂರು ತಿಂಗಳಲ್ಲಿ ಸಾಸಿವೆ ಡಬ್ಬದ ಹಿಂದೆ ಒಂದು ಲಕ್ಷ ಮೂವತ್ತು ಸಾವಿರ ಯೆನ್ ಕೂಡಿಹಾಕಿದ್ದಳು. ಅದರೊಳಗೆ ಬೇಟೆ ಮುಗಿಯಬೇಕು. ಸಾಲ ಮಾಡಿದರೆ, ಕೈಯೊಡ್ಡಿದರೆ, ಆ ಬೇಟೆ ತನ್ನದಲ್ಲ. ತನಗೆ ತಾನೇ ಹಾಕಿಕೊಂಡ ಗೆರೆ ಅದು.

ಊಟದ ಮೇಜಿನ ಮೇಲೆ ಹಾಳೆ ಹರಡಿದಳು. ಕುಬೋತಾ-ಸಾನ್ ವ್ಯಾನು ಕೊಡುತ್ತಾರೆ, ಖರ್ಚೆಲ್ಲ ಅರ್ಧರ್ಧ. ಹಡಗಿಗೆ ಹೋಗಿಬರಲು ಅವಳ ಪಾಲು ನಲವತ್ತೊಂದು ಸಾವಿರ. ಹೊಕ್ಕಾಯ್ಡೋದಲ್ಲಿ ಬೇಟೆಯಾಡಲು ಸರ್ಕಾರದ ತೆರಿಗೆ ಹದಿನೆಂಟು ಸಾವಿರದ ಮುನ್ನೂರು. ಅದನ್ನು ಬರೆಯುವಾಗ ಅವಳ ಪೆನ್ನು ಸ್ವಲ್ಪ ಗೊಣಗಿತು. "ಬನ್ನಿ ಬನ್ನಿ ಅಂತ ಕರ್ಯೋರೂ ಇವರೇ, ಬಾಗಿಲಲ್ಲಿ ಟಿಕೆಟ್ ಹರಿಯೋರೂ ಇವರೇ!" ಇನ್ಶೂರೆನ್ಸು, ಪೆಟ್ರೋಲು, ಒಂದು ಅಜ್ಜಿ ನಡೆಸುವ ಅಗ್ಗದ ವಸತಿಯಲ್ಲಿ ನಾಲ್ಕು ರಾತ್ರಿ. ಗುಂಡಿಗೆ ಹತ್ತು ಸಾವಿರ. ಹಿಮದ ಬೂಟು ಸೆಕೆಂಡ್ ಹ್ಯಾಂಡ್. ಊಟಕ್ಕೆ ಹುರಿಟ್ಟು, ಅವಲಕ್ಕಿ, ಚಟ್ನಿಪುಡಿ, ಚಪಾತಿ. ಕೊಂಬಿನಿ ಎಂಬ ಹಗಲೂರಾತ್ರಿ ಅಂಗಡಿಯ ಕಡೆ ತಲೆಹಾಕಿಯೂ ಮಲಗಕೂಡದು. ಎಲ್ಲ ಕೂಡಿ ಒಂದು ಲಕ್ಷ ಇಪ್ಪತ್ತೊಂದು ಸಾವಿರದ ನಾನೂರು. ಎಂಟು ಸಾವಿರದ ಆರುನೂರು ಮಿಕ್ಕಿತು.

ಬಾಲು ಹಾಳೆಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ಓದಿದ. "ಜಿಂಕೆ ಸಿಕ್ರೆ?"

"ಅಂದ್ರೆ?"

"ಹೋಗೋದಕ್ಕೆ ಬರೆದಿದೀಯಾ, ಬರೋದಕ್ಕೆ ಬರೆದಿದೀಯಾ. ಸಿಕ್ಬಿಟ್ರೆ ಏನ್ಮಾಡ್ತೀಯಾ ಅಂತ ಎಲ್ಲೂ ಇಲ್ವಲ್ಲೇ."

ಚಾಮುಂಡಿ ಜೋರಾಗಿ ನಕ್ಕಳು. "ಅಯ್ಯೋ, ಕೂಸು ಹುಟ್ಟೋಕೆ ಮುಂಚೆ ಕುಲಾವಿನಾ?" ಆದರೆ ಮಾತು ಎಲ್ಲೋ ಚುಚ್ಚಿತು. ಆರುನೂರೈವತ್ತು ಡಬ್ಬಿ ಹಿಟ್ಟು ರುಬ್ಬಿದವಳಿಗೇ ತನ್ನ ಮೇಲೆ ನಂಬಿಕೆ ಇರಲಿಲ್ಲ ಎಂಬುದನ್ನು ಆ ಹಾಳೆ ಹೇಳುತ್ತಿತ್ತು. ಬಾಲು ಹಾಳೆಯ ಕೊನೆಯಲ್ಲಿ ಪೆನ್ಸಿಲಿನಿಂದ 'ಜಿಂಕೆ ಸಿಕ್ಕರೆ' ಎಂದು ಬರೆದು, ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದ. ಹೊರಡುವ ದಿನ ಮಗಳು ಸ್ಫೂರ್ತಿಯ ಚಿಕ್ಕಂದಿನ ಕೆಂಪು ಪ್ಲಾಸ್ಟಿಕ್ ಹಿಮಬಂಡಿಯನ್ನು ವ್ಯಾನಿನೊಳಗೆ ತುರುಕಿದವನೂ ಅವನೇ. "ಇದಕ್ಕೆ ದುಡ್ಡಿಲ್ಲ, ಹಳೇದು," ಎಂದ. ಹದಿನೈದರ ಸ್ಫೂರ್ತಿ ಕಿಟಕಿಯಿಂದ "ಗಂಬತ್ತೆ, ಅಮ್ಮಾ!" ಎಂದು ಕೂಗಿ ಹುರಿದುಂಬಿಸಿ, "ಬಟ್ ಪ್ಲೀಸ್ ಡೋಂಟ್ ಪೋಸ್ಟ್ ಎನಿಥಿಂಗ್," ಎಂದು ಸೇರಿಸಿದಳು.

ಹಡಗಿನಲ್ಲಿ ಒಂದು ಹಗಲು ಒಂದು ರಾತ್ರಿ. ಇಳಿದ ಮೇಲೆ ನಾಲ್ಕು ಗಂಟೆ ರಸ್ತೆ. ಕುಬೋತಾ-ಸಾನ್ ಬಸ್ಸಿನ ಅಭ್ಯಾಸ ಬಿಟ್ಟವರಲ್ಲ. ಪ್ರತಿ ತಿರುವಿಗೂ "ಎಡಕ್ಕೆ ತಿರುಗುತ್ತಿದ್ದೇವೆ, ದಯವಿಟ್ಟು ಹಿಡಿದುಕೊಳ್ಳಿ," ಎನ್ನುವರು. ಶಿರನುಕಾ ಕಡೆಯ ಬೆಟ್ಟಗಳಲ್ಲಿ ಮೊಳಕಾಲುದ್ದ ಹಿಮ. ಮೊದಲ ದಿನ ಹೆಜ್ಜೆಗುರುತು ಮಾತ್ರ ಸಿಕ್ಕಿತು. ಎರಡನೆಯ ದಿನ ಹಿಮಗಾಳಿ ಎದ್ದು ಏನೂ ಕಾಣಲಿಲ್ಲ. ಬೆರಳು ಸೆಟೆದುಕೊಂಡು, ಕೈ ಬೆಚ್ಚಗಿಡುವ ಬಿಸಿಪೊಟ್ಟಣಕ್ಕೂ, ವ್ರತ ಮುರಿದು ಕುಡಿದ ಕೊಂಬಿನಿ ಕಾಫಿಗೂ ಸಾವಿರದ ನಾನೂರು ಯೆನ್ ಕೈಬಿಟ್ಟಿತು. ಉಳಿದದ್ದು ಏಳು ಸಾವಿರದ ಇನ್ನೂರು.

ಮೂರನೆಯ ದಿನ ಭಾನುವಾರ, ಕೊನೆಯ ಬೆಳಗು. ಸೂರ್ಯ ಹುಟ್ಟಿ ಅರ್ಧ ಗಂಟೆಯಾಗಿತ್ತು. ಬರ್ಚ್ ಮರಗಳ ನಡುವೆ, ಐವತ್ತು ಮೀಟರಿನಲ್ಲಿ, ಒಂದು ಹೆಣ್ಣುಜಿಂಕೆ ತೊಗಟೆ ಕೆರೆಯುತ್ತ ನಿಂತಿತ್ತು. ಕುಬೋತಾ-ಸಾನ್ ಅವಳ ಭುಜ ಮುಟ್ಟಿದರು, ಅಷ್ಟೇ. ಅವಳು ಉಸಿರು ಬಿಟ್ಟಳು, ಒತ್ತಿದಳು. ಜಿಂಕೆ ಎರಡು ಹೆಜ್ಜೆ ಇಟ್ಟು ಕುಸಿಯಿತು.

ಹತ್ತಿರ ಹೋಗಿ ನಿಂತಾಗ ಅವಳಿಗೆ ಅಳು ಬಂತು. ಕುಣಿಯುತ್ತೇನೆ ಎಂದುಕೊಂಡಿದ್ದವಳು ಗ್ಲೌಸು ತೆಗೆದು ಅದರ ಹಣೆ ಮುಟ್ಟಿ ಕೈಮುಗಿದಳು. ಕುಬೋತಾ-ಸಾನ್ ಕೂಡ ಟೋಪಿ ತೆಗೆದು ತಲೆಬಾಗಿದರು. ಅವರು ಹೇಳಿಕೊಟ್ಟಂತೆ ಹೊಟ್ಟೆ ಬಿಡಿಸಿ, ಕರುಳನ್ನು ಚೀಲಕ್ಕೆ ತುಂಬಿ, ಮಗಳ ಕೆಂಪು ಬಂಡಿಯ ಮೇಲೆ ಜಿಂಕೆಯನ್ನು ಕಟ್ಟಿ, ಒಂದೂವರೆ ಕಿಲೋಮೀಟರು ಎಳೆದಳು. ಅವರಿಗೆ ಸೊಂಟನೋವು, ಅವರು ಮುಂದೆ ಮುಂದೆ ದಾರಿ ತೋರಿಸಿದರು. ವ್ಯಾನು ಮುಟ್ಟುವ ಹೊತ್ತಿಗೆ ಅಳು ಹೋಗಿ, ಬೆವರು ಬಂದು, ಅವಳು ತಾನೇ ತಾನಾಗಿ ನಗುತ್ತಿದ್ದಳು. "ಹೊಡೆದೆ ಕುಬೋತಾ-ಸಾನ್! ನಾನೇ ಹೊಡೆದೆ!"

"ಹೌದು ಚಾಮು-ಸಾನ್. ಇನ್ನು ಮಾಂಸದ ಘಟಕಕ್ಕೆ ಕೊಂಡೊಯ್ಯೋಣ. ಚರ್ಮ ಸುಲಿದು, ಕತ್ತರಿಸಿ, ಪ್ಯಾಕ್ ಮಾಡಿ ಕೊಡುತ್ತಾರೆ. ಮೂವತ್ತೈದು ಸಾವಿರ."

ನಗು ಅಲ್ಲೇ ನಿಂತುಹೋಯಿತು. ಬಾಲುವಿನ ಪೆನ್ಸಿಲಿನ ಪ್ರಶ್ನೆಚಿಹ್ನೆ ಕಣ್ಣಮುಂದೆ ಬಂತು. ಕಾಡಿನಲ್ಲಿ ಬಿಟ್ಟುಬರುವಂತಿಲ್ಲ, ಕಾನೂನು. ಬಿಡಲು ಮನಸ್ಸಂತೂ ಇಲ್ಲವೇ ಇಲ್ಲ. ಕುಬೋತಾ-ಸಾನ್ ಪರ್ಸಿಗೆ ಕೈಹಾಕಿದರು. "ಊರಿಗೆ ಹೋದಮೇಲೆ ಕೊಟ್ಟರಾಯಿತು."

"ಬೇಡ," ಎಂದಳು ಚಾಮುಂಡಿ. "ಸುಮಿಮಾಸೆನ್, ಕ್ಷಮಿಸಿ, ದಯವಿಟ್ಟು ಬೇಡ. ನೀವು ಕತ್ತರಿಸಬಲ್ಲಿರಾ?"

"ನಲವತ್ತು ವರ್ಷ ಹೊಡೆದದ್ದನ್ನೆಲ್ಲ ಘಟಕಕ್ಕೇ ಕೊಟ್ಟವನು ನಾನು. ನನಗೆ ಬ್ರೇಕು ಗೊತ್ತು, ಮೂಳೆ ಗೊತ್ತಿಲ್ಲ."

ಆಗ ಅವಳು ಇಚಿಕಾವಾದಲ್ಲಿ ಹನ್ನೊಂದು ವರ್ಷದಿಂದ ಯಾರಿಗೂ ಹೇಳದ ಮಾತೊಂದನ್ನು ಹೇಳಿದಳು. ಅಪ್ಪ ಏನು ಮಾಡುತ್ತಿದ್ದರು ಎಂದು ಕನ್ನಡದ ಹೆಂಗಸರು ಕೇಳಿದಾಗಲೆಲ್ಲ "ಬಿಸಿನೆಸ್ಸು" ಎಂದು ಮಾತು ಮುಗಿಸುತ್ತಿದ್ದಳು. "ನಮ್ಮಪ್ಪ ಮಟನ್ ಅಂಗಡಿಯವರು, ಕುಬೋತಾ-ಸಾನ್. ವಸತಿಯ ಅಜ್ಜಿ ಗ್ಯಾರೇಜು ಕೊಡ್ತಾರಾ ಕೇಳಿ."

ಅಜ್ಜಿ ಗ್ಯಾರೇಜು ಕೊಟ್ಟರು, ಒಂದು ಹರಿತವಾದ ಚಾಕೂ ಕೊಟ್ಟರು. ಜಿಂಕೆಯನ್ನು ತೊಲೆಗೆ ತೂಗುಹಾಕಿ ಚರ್ಮ ಬಿಡಿಸಿದಳು. ಅದೇನೂ ಕಷ್ಟವಾಗಲಿಲ್ಲ. ಆದರೆ ಹಿಂಗಾಲಿನ ಸಂದಿಗೆ ಬಂದಾಗ ಕೈ ನಿಂತಿತು. ಆಡಿನ ತೊಡೆ ನೋಡಿ ಗೊತ್ತು. ಇದರ ಸಂದು ಎಲ್ಲಿದೆಯೋ! ತಪ್ಪಿ ಕೊಯ್ದರೆ ಒಳ್ಳೆಯ ಮಾಂಸವೆಲ್ಲ ಚಿಂದಿ. ಗಂಟೆ ನೋಡಿದಳು. ಹನ್ನೊಂದೂವರೆ. ಹುಣಸೂರಿನಲ್ಲಿ ಎಂಟು ಗಂಟೆ, ಭಾನುವಾರ. ಅಂಗಡಿಯಲ್ಲಿ ಜಾತ್ರೆಯಷ್ಟು ಜನ. ಆದರೂ ವಿಡಿಯೋ ಕಾಲ್ ಒತ್ತಿದಳು.

ಫೋನ್ ಎತ್ತಿದ್ದು ಅಪ್ಪ ರಾಮಚಂದ್ರಣ್ಣನೇ. ಎಂಬತ್ತಾದರೂ, ಕತ್ತಿಯನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟಿದ್ದರೂ, ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತು ಗದರುವುದನ್ನು ಬಿಟ್ಟಿರಲಿಲ್ಲ.

"ಏನವ್ವ, ರಷ್ಷಲ್ಲಿ ಮಾಡಿದ್ದೀಯೆ? ಅದೇನು ಹಿಂದ್ಗಡೆ ನೇತಾಡ್ತಿರೋದು?"

"ಜಿಂಕೆ ಕಣಪ್ಪ. ನಾನೇ ಹೊಡ್ದೆ."

ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರೆಲ್ಲ ಫೋನಿನ ಮೇಲೆ ಬಗ್ಗಿದರು. "ಅಯ್ಯಯ್ಯೋ, ಫಾರೆಸ್ಟ್‌ನೋರು ಹಿಡ್ಕಂಡೋಯ್ತಾರೆ ಕಣಮ್ಮೋ!" ಎಂದು ಒಬ್ಬ ಕೂಗಿದ. ನಾಗರಹೊಳೆಯ ಮಗ್ಗುಲಿನ ಊರು. ಜಿಂಕೆ ಎಂಬ ಪದಕ್ಕೇ ಅಲ್ಲಿ ಜನ ಬೆಚ್ಚುತ್ತಾರೆ.

"ಸುಮ್ನಿರಯ್ಯ, ಅದು ಜಪಾನು. ಅಲ್ಲಿ ಸರ್ಕಾರನೇ ಹೊಡೀರಿ ಅಂತದೆ," ಎಂದು ಗದರಿ ರಾಮಚಂದ್ರಣ್ಣ ಕನ್ನಡಕ ಹಾಕಿಕೊಂಡರು. ಗದರಿಕೆ ಹೋಗಿ ಮುಖದಲ್ಲಿ ಕಸುಬು ಬಂತು. "ಫೋನ್ ಹತ್ರ ಹಿಡಿ. ಕಾಲು ಆಡ್ಸು. ಎಲ್ಲಿ ಮಿಸುಕ್ತದೆ ಬೆರಳಿಟ್ಟು ನೋಡು. ಹೂಂ, ಅದರಿಂದ ಒಂದು ಬೆರಳು ಒಳಕ್ಕೆ. ಒತ್ತಬ್ಯಾಡ, ಚಾಕು ತಾನೇ ದಾರಿ ಹುಡುಕ್ಕೋತದೆ."

ಚಾಕು ದಾರಿ ಹುಡುಕಿಕೊಂಡಿತು. ಟಕ್ ಎಂದು ತೊಡೆ ಬಿಟ್ಟುಕೊಂಡಿತು, ಎಲ್ಲೂ ಒಂದು ಚೂರೂ ಹರಿಯದೆ. ಎರಡನೆಯ ಕಾಲಿಗೆ ಅವಳು ಕೇಳಲೇ ಇಲ್ಲ. ರಾಮಚಂದ್ರಣ್ಣ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. ಪಕ್ಕೆ, ಬೆನ್ನು, ಮುಂಗಾಲು, ಒಂದಾದ ಮೇಲೊಂದು ಇಳಿದು ಬಂದವು. ತಂದ ಚೀಲಗಳಿಗೆ ಮಾಂಸ ಹಾಕಿಸಿಕೊಳ್ಳುವುದನ್ನೂ ಮರೆತು ಹುಣಸೂರಿನ ಭಾನುವಾರದ ಕ್ಯೂ ನಿಂತೇ ಇತ್ತು. ಒಬ್ಬ ತನ್ನ ಫೋನಿನಲ್ಲಿ ಇದನ್ನೆಲ್ಲ ವಿಡಿಯೋ ಹಿಡಿಯುತ್ತಿದ್ದ.

"ಯಾರು ಕಲಿಸಿದ್ರವ್ವ ನಿಂಗೆ?"

"ನೀವೇ."

"ನಾನೆಲ್ಲಿ ಕಲಿಸ್ದೆ? ಹೆಣ್ಣುಮಗಿನ ಕೈಲಿ ಕತ್ತಿ ಕಂಡ್ರೆ ಸಂಬಂಧ ಬರಾಕಿಲ್ಲ ಅಂತ ಓಡಿಸ್ತಿದ್ದೆ ನಿನ್ನ."

"ನೀವು ಓಡ್ಸೋದ್ರೊಳ್ಗೆ ನೋಡ್ಕೊಂಬಿಡ್ತಿದ್ದೆ."

ರಾಮಚಂದ್ರಣ್ಣ ಕನ್ನಡಕ ತೆಗೆದು ಟವೆಲ್ಲಿನಿಂದ ಒರೆಸಿದರು, ಕಣ್ಣನ್ನೂ ಒರೆಸಿದರು. ಆಮೇಲೆ ಫೋನನ್ನು ಕ್ಯೂನತ್ತ ತಿರುಗಿಸಿ, "ನೋಡ್ರಪ್ಪ, ನನ್ ಮಗಳು," ಎಂದರು. ಮೊಮ್ಮಗನ ಕಡೆ ತಿರುಗಿ, "ನೋಡಿ ಕಲ್ತ್ಕೋ, ಮುಂಡೇದೆ," ಎಂದೂ ಸೇರಿಸಿದರು.

ಊರಿನ ಮೀನಿನಂಗಡಿಯವನು ಖಾಲಿ ಥರ್ಮೋಕೋಲ್ ಪೆಟ್ಟಿಗೆಗಳನ್ನು ಪುಕ್ಕಟೆ ಕೊಟ್ಟ. ಐಸಿಗೆ ಬದಲು ಹಿಮ, ಬೇಕಾದಷ್ಟು. ಪ್ಲಾಸ್ಟಿಕ್ ಚೀಲಕ್ಕೆ ಆರುನೂರು, ಮೂಳೆ ಚರ್ಮ ಕರುಳು ಎಲ್ಲ ಒಪ್ಪಿಸಲು ಊರಿನ ಕಸದ ಕೇಂದ್ರದಲ್ಲಿ ಒಂಬೈನೂರು. ಚಾಕುವಿಗೆ ಬಾಡಿಗೆಯಾಗಿ ಅಜ್ಜಿಗೆ ಎರಡು ಕಿಲೋ ಮಾಂಸ ಕೊಟ್ಟಳು. ಉಳಿದ ಐದು ಸಾವಿರದ ಏಳುನೂರರಲ್ಲಿ ಕುಬೋತಾ-ಸಾನ್‌ಗೆ ದೊಡ್ಡ ಬಟ್ಟಲಿನ ರಾಮೆನ್ ಕೊಡಿಸಿದಳು. ಅವರು ಬೇಡ ಬೇಡ ಎಂದರು. "ಇವತ್ತು ಯಜಮಾನಿ ನಾನು, ತಿನ್ನಿ," ಎಂದಳು.

ವಾಪಸು ಹಡಗಿನಲ್ಲಿ ಕೂತು ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬರೆದಳು. 'ನಮ್ಮಪ್ಪನದು ಹುಣಸೂರಿನಲ್ಲಿ ಮಟನ್ ಅಂಗಡಿ. ನಾನು ಹೊಡೆದು, ನಾನೇ ಕತ್ತರಿಸಿದ ಜಿಂಕೆ ಮಾಂಸ ಬರುತ್ತಿದೆ. ತಿನ್ನುವವರು ಡಬ್ಬಿ ತನ್ನಿ. ತಿನ್ನದವರಿಗೆ ಶುಕ್ರವಾರ ಎಂದಿನಂತೆ ಹಿಟ್ಟು, ಪಾತ್ರೆ ಬೇರೆ, ಗ್ರೈಂಡರ್ ಬೇರೆ.' ಕಳಿಸಿ, ಫೋನನ್ನು ಮಗುಚಿಟ್ಟಳು. ಐದು ನಿಮಿಷ ಬಿಟ್ಟು ತಿರುಗಿಸಿದರೆ ಹದಿನಾಲ್ಕು ಉತ್ತರ. ಒಬ್ಬರು ಗುಂಪು ಬಿಟ್ಟಿದ್ದರು. ಏಳು ಜನ ಡಬ್ಬಿಯ ಅಳತೆ ಕೇಳಿದ್ದರು. ಉಳಿದವರು ಹಿಟ್ಟಿಗೆ ಹೆಸರು ಬರೆಸಿದ್ದರು. ಸ್ಫೂರ್ತಿ ಮಾತ್ರ ಬೇರೆಯಾಗಿ ಬರೆದಿದ್ದಳು: 'ತಾತ ಕಳ್ಸಿದ ವಿಡಿಯೋ ನೋಡ್ದೆ. ಓಕೆ, ಯು ಕ್ಯಾನ್ ಪೋಸ್ಟ್.'

ಚೀಲದಿಂದ ಬಜೆಟ್ಟಿನ ಹಾಳೆ ತೆಗೆದಳು. ಮಡಿಕೆಗಳಲ್ಲಿ ಹಿಮ ಸೋರಿ ಅಂಕಿಗಳು ಅಲ್ಲಲ್ಲಿ ಕದಡಿದ್ದವು. ಎಲ್ಲಕ್ಕಿಂತ ಕೆಳಗೆ ಬಾಲುವಿನ ಪೆನ್ಸಿಲಿನ ಸಾಲು ಹಾಗೇ ಇತ್ತು. ಪ್ರಶ್ನೆಚಿಹ್ನೆಯನ್ನು ಬೆರಳಿಂದ ಉಜ್ಜಿ ಅಳಿಸಿ, ಅಲ್ಲಿ 'ಕತ್ತರಿಸಲು ಸೊನ್ನೆ' ಎಂದು ಬರೆದಳು. ಸ್ವಲ್ಪ ಯೋಚಿಸಿ, ಅದರ ಪಕ್ಕದಲ್ಲಿ ಇನ್ನೆರಡು ಪದ ಸೇರಿಸಿದಳು: ಅಪ್ಪ ಕೊಟ್ಟರು.