ಬಿಳಿ ಟೀ-ಶರ್ಟ್ ಮತ್ತು ಖೋರ್‌ನ ಕರಿ ಕೆಸರು

ಕೋವಿಡ್ ಕಳೆದ ಮರುವರ್ಷ ಗಲ್ಫ್ ನಾಡಿನ ಸಲಾಲಾದಲ್ಲಿ ನಮ್ಮೂರಿನವರ ಮಕ್ಕಳ ನಿಸರ್ಗ ಕೂಟಕ್ಕೆ ನಾನು ಸಂಚಾಲಕಿಯಾಗಿದ್ದೆ. ಸಂಬಳವಿಲ್ಲದ ಹುದ್ದೆ. ಅಡುಗೆ ಮುಗಿಸಿ ಹೋಗುವ ಗೃಹಿಣಿಯಾದರೂ ನನಗದು ಉದ್ಯೋಗವೇ. ಶನಿವಾರ ಬೆಳಿಗ್ಗೆ ಮಕ್ಕಳನ್ನು ಖೋರ್‌ಗೆ, ಅಂದರೆ ಕಡಲಂಚಿನ ಹಿನ್ನೀರಿಗೆ, ಕರೆದೊಯ್ಯುತ್ತಿದ್ದೆ. ಅಲ್ಲಿ ಜೊಂಡು ಬೆಳೆದು, ಸತ್ತು, ನೀರಿನಡಿ ಪೂರ್ತಿ ಕೊಳೆಯದೆ ಪದರಗಟ್ಟುತ್ತದೆ. ತಂಪು ದೇಶಗಳಲ್ಲಿ ಹೀಗೆ ಶತಮಾನಗಟ್ಟಲೆ ಕೂಡಿದ ನೆಲಕ್ಕೆ ಪೀಟ್ ಎನ್ನುತ್ತಾರೆ. ನಮ್ಮ ಖೋರ್‌ನ ಕರಿ ಕೆಸರು ಅದರ ಬಡ ನೆಂಟ.

ಅನುಮತಿ ಪಡೆದು ಅಂಚಿನಿಂದ ಒಂದು ಡಬ್ಬ ಕೆಸರು ತೆಗೆಯುವುದು, ಹಳೆಯ ಬೆಡ್‌ಶೀಟಿನ ಮೇಲೆ ಆ ಕೆಸರಿನಿಂದಲೇ ಖೋರ್‌ನ ಚಿತ್ರ ಬರೆಯುವುದು ನಮ್ಮ ಯೋಜನೆ. ಏಳನೇ ಕ್ಲಾಸಿನ ಶಿಫಾನಾಳ ಪಾಲಿಗೆ ಬಂದದ್ದು ಬೆಡ್‌ಶೀಟಿನ ಬಲಮೂಲೆ. ಜೊಂಡಿನಲ್ಲಿ ಗೂಡು ಕಟ್ಟಿದ್ದ ನೀರುಕೋಳಿಯನ್ನು ಅವಳು ಬರೆಯುತ್ತಿದ್ದಳು. ಹಕ್ಕಿ ಜೊಂಡಿನಿಂದ ಹೊರಗೆ ಬಾರದೆ ಅವಳು ಕೆಸರಿಗೆ ಬೆರಳು ಅದ್ದುತ್ತಿರಲಿಲ್ಲ. ಮೂರು ಶನಿವಾರಗಳಲ್ಲಿ ಕೊಕ್ಕು, ಕತ್ತು ಮಾತ್ರ ಆಗಿತ್ತು. ಅವಳ ಅಪ್ಪ ಅಂಗಡಿ ಮುಚ್ಚಿ, ಸಂಸಾರಸಮೇತ ಊರಿಗೆ, ಉಳ್ಳಾಲಕ್ಕೆ, ಹೊರಡುವವರಿದ್ದರು. ನಾಲ್ಕನೆಯ ಶನಿವಾರವೇ ಅವಳಿಗೆ ಕೊನೆಯದು.

ಆ ವಾರ ಕೂಟದ ಸಮಿತಿಯ ಪ್ರಭಾಕರಣ್ಣ ಎಲ್ಲರಿಗೂ ಬಿಳಿ ಟೀ-ಶರ್ಟ್ ತಂದರು. ಎದೆಯ ಮೇಲೆ ಪ್ರಾಯೋಜಕರ ಹೆಸರು. ಕೆಸರಿನ ಕೆಲಸಕ್ಕೆ ಬಿಳಿ ಬಟ್ಟೆಯೇ ಎಂದು ಮನಸ್ಸಿಗೆ ಬಂತು. ಆದರೂ "ಚೆನ್ನಾಗಿದೆ" ಎಂದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಸೌಜನ್ಯ.

ಖೋರ್ ತಲುಪಿದ್ದೇ ಪ್ರಭಾಕರಣ್ಣ ಬಸ್ಸಿನ ಬಾಗಿಲಿಗೆ ಅಡ್ಡ ನಿಂತರು.

"ಸುಮನಕ್ಕ, ಈಗ ಕೆಸರು ಮುಟ್ಟಿಸ್ಬೇಡಿ ಮಾರಾಯ್ರೆ. ಗೆಸ್ಟ್ ಬಂದು ಫೋಟೋ ಆಗ್ಲಿ. ಮತ್ತೆ ಬೇಕಾದ್ರೆ ಎಮ್ಮೆಗಳ ಹಾಗೆ ಹೊರಳ್ಲಿ."

ಪ್ರಾಯೋಜಕರ ಕಡೆಯ ಆ ಗೆಸ್ಟ್ ಬಂದದ್ದು ಎರಡು ಗಂಟೆ ತಡವಾಗಿ. ಅಲ್ಲಿಯವರೆಗೆ ಮಕ್ಕಳು ಎಸಿ ಬಸ್ಸಿನಲ್ಲಿ ಚಿಪ್ಸ್ ತಿಂದರು. ಶಿಫಾನಾ ಮಾತ್ರ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಹಕ್ಕಿಯ ಬೆನ್ನು ಗೀಚುತ್ತಿದ್ದಳು. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳಲು ಹತ್ತು ನಿಮಿಷ. ಅಷ್ಟರಲ್ಲಿ ಬಿಸಿಲು ಏರಿತ್ತು, ಡ್ರೈವರ್ ಹಾರ್ನ್ ಹೊಡೆದ.

"ಆಂಟಿ, ಫೈವ್ ಮಿನಿಟ್ಸ್. ಹಕ್ಕಿ ಈಗಷ್ಟೇ ಹೊರಗೆ ಬಂತು," ಎಂದಳು ಶಿಫಾನಾ.

"ಖಲಾಸ್. ಯಲ್ಲಾ, ನಡೀರಿ ಬಸ್ಸಿಗೆ," ಎಂದರು ಪ್ರಭಾಕರಣ್ಣ. "ಉಳ್ಳಾಲದಲ್ಲಿ ಕೆಸರಿಗೆ ಬರಗಾಲವಾ ಮಗಾ? ಬೇಕಾದಷ್ಟುಂಟು."

ದೊಡ್ಡವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಸಂಜೆ ಜಾಮ್ ಬಾಟಲಿಯಲ್ಲಿ ಕೆಸರು ತುಂಬಿಕೊಂಡು, ಬೆಡ್‌ಶೀಟ್ ಹಿಡಿದು ಅವಳ ಮನೆಗೆ ಹೋದೆ. ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಅವಳು ಮುಚ್ಚಳ ತೆರೆದು ಮೂಸಿದಳು. ಮೆಲ್ಲಗೆ ಮುಚ್ಚಿದಳು.

"ಥ್ಯಾಂಕ್ಯೂ ಆಂಟಿ. ಬಟ್ ಇಲ್ಲಿಂದ ಹಕ್ಕಿ ಕಾಣುದಿಲ್ಲಲ್ಲಾ."

ಮನೆಗೆ ಮರಳುವಾಗ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೋ ಬಂದಿತ್ತು. ಕೆಳಗೆ, ಮಕ್ಕಳನ್ನು ಮಣ್ಣಿಗೆ ಹತ್ತಿರ ತಂದ ಕಾರ್ಯಕ್ರಮ ಎಂಬ ಬರಹ. ಒಂದು ಅಂಗಿಯ ಮೇಲೂ ಕಲೆಯಿರಲಿಲ್ಲ.

ಮಕ್ಕಳ ಪರವಾಗಿ ಬಾಯಿಬಿಡಬೇಕಾದ ಕಡೆ ಸೌಜನ್ಯ ತೋರುವುದು ತಪ್ಪು ಎಂದು ಆ ಹುದ್ದೆ ನನಗೆ ಕಲಿಸಿತು. ಈಗ ಹಳೆಬಟ್ಟೆ ತೊಡದವರಿಗೆ ನಮ್ಮ ಬಸ್ಸಿನಲ್ಲಿ ಜಾಗವಿಲ್ಲ, ಗೆಸ್ಟ್‌ಗೂ ಇಲ್ಲ. ಬೆಡ್‌ಶೀಟಿನ ಬಲಮೂಲೆಯಲ್ಲಿ ಬೆನ್ನಿಲ್ಲದ ಹಕ್ಕಿ ಹಾಗೇ ಇದೆ. ಪೂರ್ತಿ ಮಾಡುತ್ತೇವೆಂದು ಹೊಸ ಮಕ್ಕಳು ಕೇಳುತ್ತಾರೆ. ನಾನು ಬಿಡುವುದಿಲ್ಲ.