ಮಾಳಿಗೆಮನೆಯ ನಲ್ಲಿ

ಮನೆ ನಮ್ಮದಾಯಿತು! ಗದಗಿನ ಸ್ಟೇಶನ್ನಿನ ಆಚೆ, ನಾಲ್ಕು ಮನೆಗಳ ಕಟ್ಟಡದಲ್ಲಿ ಮಾಳಿಗೆಯ ಮೇಲಿನದು — ಎರಡೇ ಖೋಲಿ, ಅಂಗೈಯಷ್ಟು ಅಡಿಗೆಮನೆ, ಅದರೊಳಗೇ ನಲ್ಲಿ! ಬೇರೆಯವರು ಬಾಳಿ ಬಿಟ್ಟ ಮನೆಯಾದರೂ ನಮಗೆ ಹೊಸದೇ. ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಹೇಳಿಯೇ ಬಿಡುತ್ತೇನೆ — ಈ ಮನೆ ಆರೇಳು ವರ್ಷದ ಹಿಂದೆಯೇ ನಮ್ಮದಾಗಬೇಕಿತ್ತು. ಆಗದಂತೆ ಮಾಡಿದವಳು ನಾನು.

ಆಗ ಮನೆಯೊಡತಿ ಲಕ್ಷ್ಮೇಶ್ವರದ ಕಡೆಯ ಖತೀಜಾಬಿ. ನನ್ನ ಮಗ ಈರಪ್ಪ ಮನೆ ನೋಡಿ ಬಂದಿದ್ದ. ಸೊಸೆ ಶಾಂತವ್ವನ ಬಾಯಲ್ಲಿ ಹಗಲೆಲ್ಲ ಆ ನಲ್ಲಿಯ ಮಾತೇ. ಒಂದು ಮಧ್ಯಾಹ್ನ ಖತೀಜಾಬಿ ಬೆಟಗೇರಿಯ ನಮ್ಮ ಮನೆಗೇ ಬಂದಳು. ನಾನೊಬ್ಬಳೇ ಮಗ್ಗದಲ್ಲಿದ್ದೆ.

"ಅವ್ವಾರ, ಮನಿ ನಿಮಗ ಕೊಡೂದು ಪಕ್ಕಾ ಆತು. ಮಗನ್ನ ಕಳಸ್ರಿ."

"ನನ್ನ ಮಗನ ಮನಸು ಬದಲಾತವ್ವ. ಬ್ಯಾಡಂತ."

ಸಂಜೆ ಮಗನಿಗೆ — "ಆಕಿ ಮಾರೂದಿಲ್ಲಂತಪಾ."

ಆ ಕಡೆ ಒಂದು ಸುಳ್ಳು, ಈ ಕಡೆ ಒಂದು. ನನ್ನದು ಕುಣಿಮಗ್ಗ — ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವುದು. ಮಾಳಿಗೆಯಲ್ಲಿ ಕುಣಿ ತೋಡಿದರೆ ಕೆಳಗಿನವರ ತಲೆಯ ಮೇಲೆ ನನ್ನ ಕಾಲು! ಅದನ್ನು ಬಾಯಿಬಿಟ್ಟು ಹೇಳಿದ್ದರೆ ಏನಾದರೂ ದಾರಿ... ಹೇಳಲಿಲ್ಲ. ಮನೆ ಬೇರೆಯವರ ಪಾಲಾಯಿತು. ಶಾಂತವ್ವ ಓಣಿಯ ಬೋರಿಂಗಿನಿಂದ ಕೊಡ ಹೊತ್ತಳು — ಮೊಮ್ಮಗಳು ಗಂಗಿ ಹೊಟ್ಟೆಯಲ್ಲಿದ್ದಾಗಲೂ. ಕುಣಿಯಲ್ಲಿ ಕುಳಿತ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಅವಳ ಪಾದಗಳೇ — ಕೆಸರು ಮೆತ್ತಿದ, ಬಿರಿದ ಹಿಮ್ಮಡಿ. ನೋಡಿಯೂ ಲಾಳಿ ಎಸೆಯುತ್ತಿದ್ದೆ.

ಕೊಂಡವರು ಈಗ ಶಿರಹಟ್ಟಿಗೆ ಹೊರಟರು. ಮನೆ ಮತ್ತೆ ಮಾರಾಟಕ್ಕೆ ಬಂತು. ಈ ಸಲ ನಾನೇ ಮಗನನ್ನು ಅಟ್ಟಿದೆ. ಮಗ್ಗ ಹಳೆಯ ಮನೆಯಲ್ಲೇ ಇರಲಿ, ನಡೆದು ಹೋಗಿ ನೇಯುತ್ತೇನೆ ಎಂದೆ. ಆಗಲೂ ಇಷ್ಟೇ ಮಾಡಬಹುದಿತ್ತು — ಇಷ್ಟೇ.

ಇವತ್ತು ಹಾಲು ಉಕ್ಕಿಸುವ ಹೊತ್ತಿಗೆ ಶಾಂತವ್ವ ಕಡ್ಡಿಪೆಟ್ಟಿಗೆ ಚಾಚಿದಳು. "ಹಿರೇರು ನೀವು. ಸ್ಟೋ ನೀವ ಹಚ್ಚರಿ, ಅತ್ತಿ."

ಕಡ್ಡಿಪೆಟ್ಟಿಗೆ ಕೆಳಗಿಟ್ಟೆ. ಎಲ್ಲರೆದುರಿಗೆ ಹೇಳಿಬಿಟ್ಟೆ — ಎರಡೂ ಸುಳ್ಳು. ಈರಪ್ಪ ಗೋಡೆ ನೋಡುತ್ತ ನಿಂತ. ಶಾಂತವ್ವ ನಲ್ಲಿ ತಿರುವಿ, ಕೊಡ ತುಂಬಿಸಿ, ನನ್ನ ಮುಂದೆ ಕುಕ್ಕಿದಳು.

"ಹೊರ್ರಿ. ಮೆಟ್ಲ ಇಳದು, ಹತ್ತಿ ಬರ್ರಿ."

ಹೊತ್ತೆ. ಬಾಗಿಲು ಮುಟ್ಟುವುದರೊಳಗೆ ಅರ್ಧ ನೀರು ನನ್ನ ಸೀರೆಯ ಮೇಲೆ. ಗಂಗಿ ಕಿಸಕ್ಕನೆ ನಕ್ಕಳು — "ಆಯಿ ಜಳಕಾ ಮಾಡಾಕತ್ತಾಳ!" ಶಾಂತವ್ವನ ಬಿಗಿದ ತುಟಿಯೂ ಸಡಿಲಿತು. ಕೊಡ ಕಸಿದುಕೊಂಡಳು.

"ಬಿದ್ದಗಿದ್ದೀರಿ. ಹೊಸ ಮನ್ಯಾಗ ಇವತ್ತ ಸಿಟ್ಟು ಬ್ಯಾಡ. ನಾಳಿಂದ ಮಾಡ್ತೀನಿ."

"ಮಾಡವ್ವ. ಬೇಕಾದಷ್ಟು ಮಾಡು."

ಸ್ಟೋ ಅವಳೇ ಹಚ್ಚಿದಳು. ಹಾಲು ಉಕ್ಕಿತು, ಗಂಗಿ ಚಪ್ಪಾಳೆ ತಟ್ಟಿದಳು. ನಾನು ಒದ್ದೆ ಸೀರೆಯಲ್ಲೇ ನಗುತ್ತ ಅತ್ತುಬಿಟ್ಟೆ.

ಸಂಜೆ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಉಣ್ಣಲು ಕುಳಿತೆವು — ರೊಟ್ಟಿ, ಎಣ್ಣೆಗಾಯಿ, ಸಿಹಿ ಮಾದಲಿಯ ಮೇಲೆ ಹಾಲು. ನಾಳೆಯ ಸಿಟ್ಟು ನನಗೆ ಸಲ್ಲಬೇಕಾದ್ದೇ, ಎದುರಾಡುವುದಿಲ್ಲ. ಶಾಂತವ್ವ ನೀರಿಗೆಂದು ಏಳಹೋದಳು. "ಕುಂಡ್ರು," ಎಂದೆ. ನಲ್ಲಿ ತಿರುವಿ ತಂಬಿಗೆ ತುಂಬಿ, ಮೊದಲು ಅವಳ ಮುಂದೆ ಇಟ್ಟೆ. ಆಮೇಲೆ ತುತ್ತು ಎತ್ತಿದೆ.